ಔಷಧ ಕೊಡುತ್ತಿದ್ದವರು ಬರೆಯಲು ಕಲಿಯುವಾಗ: ನರ್ಸ್ ಪ್ರಾಕ್ಟೀಷನರ್ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಐಸಿಯುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಈಗ ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ಪಡೆದು ಚಿಕಿತ್ಸೆಯ ನಿರ್ಧಾರಗಳಲ್ಲೂ ಪಾಲು ಪಡೆಯುವ ನರ್ಸ್) ಕೋರ್ಸಿಗೆ ಸೇರಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಔಷಧ, ಎಷ್ಟು, ಹೇಗೆ ಕೊಡಬೇಕು ಅಂತ ಡಾಕ್ಟರು ಬರೆದ ಸಾವಿರಾರು ಆರ್ಡರ್‌ಗಳನ್ನು ನೀವು ಈಗಾಗಲೇ ಓದಿದ್ದೀರಿ. ಯಾವುದು ಅರ್ಥವಾಗದೆ ಡ್ಯೂಟಿ ಡಾಕ್ಟರಿಗೆ ಮತ್ತೆ ಫೋನ್ ಮಾಡಬೇಕಾಯಿತು, ಯಾವುದನ್ನು ಪಂಪ್‌ಗೆ ಹಾಕುವಾಗ ಲೆಕ್ಕ ಕೂಡಲಿಲ್ಲ, ಯಾವ ಎರಡು ಔಷಧ ಒಂದೇ ಲೈನ್‌ನಲ್ಲಿ ಹೋಗುವಂತಿರಲಿಲ್ಲ, ಎಲ್ಲ ನಿಮಗೆ ಗೊತ್ತು. ಈ ತಿಳಿವಳಿಕೆಯೇ ನಿಮ್ಮ ದೊಡ್ಡ ಬಲ. ಬರೆಯುವವರಾದ ಮೇಲೂ ಕೊಡುವವರ ಕಣ್ಣನ್ನು ಬಿಡಬೇಡಿ. ಬೆಡ್ ಪಕ್ಕ ನಿಂತ ಸಿಸ್ಟರ್ ಏನನ್ನೂ ಊಹಿಸದೆ ಕೊಡಲು ಆಗುವಂತಿದ್ದರೆ ಮಾತ್ರ ಆ ಆರ್ಡರ್ ಪೂರ್ತಿಯಾದ ಹಾಗೆ.

ಇಲ್ಲಿರುವ ಡೋಸ್‌ಗಳು ಕಲಿಕೆಗಾಗಿ. ರೋಗಿಗೆ ಬರೆಯುವಾಗ ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಮತ್ತು ಔಷಧದ ಜೊತೆ ಬರುವ ಚೀಟಿ, ಎರಡನ್ನೂ ನೋಡಲೇಬೇಕು.

ಮೊದಲು ನಿಮ್ಮ ಗೆರೆ ಎಲ್ಲಿದೆ ತಿಳಿದುಕೊಳ್ಳಿ

ಅಮೆರಿಕದ ಪುಸ್ತಕಗಳಲ್ಲಿ ನರ್ಸ್ ಪ್ರಾಕ್ಟೀಷನರ್ ತಾನೇ ಪ್ರಿಸ್ಕ್ರಿಪ್ಷನ್ ಬರೆಯುವುದನ್ನು ಓದುತ್ತೀರಿ. ಅಲ್ಲಿನ ಹಲವು ರಾಜ್ಯಗಳಲ್ಲಿ ಅದು ನಿಜ. ನಮ್ಮಲ್ಲಿ ಹಾಗಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ರೂಪಿಸಿದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ 2 ವರ್ಷದ ರೆಸಿಡೆನ್ಸಿ. ಅದನ್ನು ಮುಗಿಸಿದವರು ಕೆಲಸ ಮಾಡುವುದು ಆಸ್ಪತ್ರೆಯ ಲಿಖಿತ ಪ್ರೋಟೋಕಾಲ್ ಮತ್ತು ಸ್ಟ್ಯಾಂಡಿಂಗ್ ಆರ್ಡರ್‌ಗಳ (ಮೊದಲೇ ಸಹಿ ಮಾಡಿಟ್ಟ ಆರ್ಡರ್‌ಗಳ) ಒಳಗೆ, ಡಾಕ್ಟರ ಮೇಲ್ವಿಚಾರಣೆಯಲ್ಲಿ.

ಹಾಗಾಗಿ ಪೋಸ್ಟಿಂಗ್ ಶುರುವಾದ ಮೊದಲ ವಾರವೇ ಆ ಪ್ರೋಟೋಕಾಲ್‌ಗಳ ಪ್ರತಿ ಕೇಳಿ ಪಡೆಯಿರಿ. ಯಾರು ಸಹಿ ಮಾಡಿದ್ದಾರೆ, ಯಾವ ತಾರೀಖಿನದು, ಯಾವ ಔಷಧವನ್ನು ನೀವು ಶುರು ಮಾಡಬಹುದು, ಯಾವುದರ ಡೋಸ್ ಮಾತ್ರ ಹೊಂದಿಸಬಹುದು, ಯಾವುದಕ್ಕೆ ಡಾಕ್ಟರನ್ನು ಕರೆಯಲೇಬೇಕು ಅಂತ ನೋಡಿಕೊಳ್ಳಿ. "ಇಲ್ಲಿ ಎಲ್ಲರೂ ಹೀಗೇ ಮಾಡೋದು" ಅನ್ನುವ ಮಾತನ್ನು ನಂಬಿ ಬರೆಯಬೇಡಿ. ಕಾಗದದಲ್ಲಿ ಇಲ್ಲದ್ದು ನಿಮಗೂ ಇಲ್ಲ, ರೋಗಿಗೂ ರಕ್ಷಣೆ ಇಲ್ಲ.

1945ರ ಔಷಧ ನಿಯಮಗಳ ಶೆಡ್ಯೂಲ್ ಎಚ್, ಎಚ್1, ಎಕ್ಸ್ (ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗಳು) ಯಾವುವು ಎಂದೂ ಓದಿಕೊಳ್ಳಿ. ಕಾರ್ಬಪೆನಮ್‌ಗಳು (ಮೆರೊಪೆನಮ್‌ನಂಥ ಆಂಟಿಬಯೋಟಿಕ್‌ಗಳು), ಟಿಬಿ ಔಷಧಗಳು, ನೋವಿನ ಔಷಧ ಟ್ರಮಡಾಲ್ ಇವೆಲ್ಲ ಎಚ್1ರಲ್ಲಿವೆ. ಮಾರ್ಫಿನ್, ಫೆಂಟನಿಲ್ 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕಾನೂನಿನ) ಕೆಳಗೆ ಬರುತ್ತವೆ. ಬೀಗದ ಕಪಾಟು, ರಿಜಿಸ್ಟರ್, ಉಳಿದ ಔಷಧವನ್ನು ಇಬ್ಬರ ಎದುರು ಚೆಲ್ಲುವುದು ನಿಮಗೆ ಹೊಸದಲ್ಲ. ಅದರ ಹಿಂದಿನ ಕಾನೂನು ಈಗ ನಿಮ್ಮ ಕೆಲಸದ ಭಾಗ.

ಮಾತ್ರೆಯ ಕವರ್ ತರಿಸಿ

ಔಷಧದ ಹೆಸರು ಯೋಚಿಸುವ ಮೊದಲು, ರೋಗಿ ಈಗ ಏನೇನು ನುಂಗುತ್ತಿದ್ದಾರೆ ಅನ್ನುವುದು ತಿಳಿಯಬೇಕು. ಈ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೂ ಜಾಸ್ತಿಯಾಗದು. ಕೋಲಾರದಿಂದಲೋ ತುಮಕೂರಿನಿಂದಲೋ ಬಂದ ಅಜ್ಜಿಯನ್ನು "ಯಾವ ಮಾತ್ರೆ ತಗೋತೀರಿ?" ಅಂತ ಕೇಳಿದರೆ "ಬಿಪಿದು, ಶುಗರ್‌ದು" ಅನ್ನುತ್ತಾರೆ. ಅಲ್ಲಿಗೆ ನಿಲ್ಲಿಸಬೇಡಿ. ಮನೆಯಲ್ಲಿರುವ ಮಾತ್ರೆಯ ಕವರನ್ನು ಹಾಗೇ ಎತ್ತಿಕೊಂಡು ಬರಲು ಮಗನಿಗೆ ಹೇಳಿ. ಊರು ದೂರವಾದರೆ ವಾಟ್ಸಾಪ್‌ನಲ್ಲಿ ಪ್ರತಿ ಸ್ಟ್ರಿಪ್‌ನ ಎರಡೂ ಬದಿಯ ಫೋಟೋ ತರಿಸಿ. ಮೆಡಿಕಲ್ ಶಾಪಿನವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಿದ್ದರೆ ಹೆಸರೇ ಹೋಗಿರುತ್ತದೆ. ಆಗ ಆ ಅಂಗಡಿಗೇ ಫೋನ್ ಮಾಡಿ ಕೇಳಬೇಕು.

ಕೇಳುವ ಪ್ರಶ್ನೆ ಬಿಡಿಬಿಡಿಯಾಗಿರಲಿ. "ಮಂಡಿನೋವಿಗೆ ಅಂಗಡಿಯಿಂದ ಏನಾದ್ರೂ ತಂದು ನುಂಗಿದ್ರಾ?" "ಉಚ್ಚೆ ಜಾಸ್ತಿ ಹೋಗೋ ಮಾತ್ರೆ ಇದೆಯಾ?" "ನಾಟಿ ಔಷಧ, ಭಸ್ಮ, ಕಷಾಯ?" "ಡಾಕ್ಟರು ಕೊಟ್ಟಿದ್ದರೂ ನೀವೇ ನಿಲ್ಲಿಸಿದ್ದು ಯಾವುದಾದ್ರೂ ಇದೆಯಾ?" ಕೊನೆಯ ಪ್ರಶ್ನೆಯನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಮನೆಯಲ್ಲಿ ನಿಲ್ಲಿಸಿದ್ದ ಮೂರು ಬಿಪಿ ಮಾತ್ರೆಗಳನ್ನು ವಾರ್ಡಿನಲ್ಲಿ ಒಟ್ಟಿಗೇ ಶುರು ಮಾಡಿದರೆ ಬಿಪಿ ಕುಸಿಯುತ್ತದೆ, ಅಲ್ವಾ?

ಮಂಡಿನೋವಿನ ಪ್ರಶ್ನೆಗೂ ಕಾರಣವಿದೆ. ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ, ಜೊತೆಗೆ ನೀರಿನ ಮಾತ್ರೆ, ಅದರ ಮೇಲೆ ಡೈಕ್ಲೋಫೆನಾಕ್. ಈ ಮೂರೂ ಸೇರಿದರೆ ಕಿಡ್ನಿಯ ಒಳಗಿನ ಒತ್ತಡ ಬೀಳುತ್ತದೆ. ನೋವಿನ ಮಾತ್ರೆ ಕಿಡ್ನಿಗೆ ರಕ್ತ ಒಯ್ಯುವ ನಾಳವನ್ನು ಹಿಂಡುತ್ತದೆ, ಬಿಪಿ ಮಾತ್ರೆ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ನೀರಿನ ಮಾತ್ರೆ ರಕ್ತದ ಪ್ರಮಾಣವನ್ನೇ ಇಳಿಸುತ್ತದೆ. ಎರಡು ದಿನ ವಾಂತಿ-ಭೇದಿಯೂ ಆದರೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ, ರಕ್ತದಲ್ಲಿನ ತ್ಯಾಜ್ಯ) ಏರಿಯೇ ಬರುತ್ತಾರೆ.

ಬ್ರ್ಯಾಂಡ್ ಹೆಸರಿನ ಹಿಂದಿರುವ ಔಷಧವನ್ನೂ ಬಿಡಿಸಿ ಬರೆದುಕೊಳ್ಳಿ. ಡೋಲೋ 650 ಅಂದರೆ 650 ಎಂಜಿ ಪ್ಯಾರಸಿಟಮಾಲ್. ನೋವಿಗೆ ಸಿಗುವ ಹಲವು ಕಾಂಬಿನೇಷನ್ ಮಾತ್ರೆಗಳಲ್ಲಿ 325 ಎಂಜಿ ಪ್ಯಾರಸಿಟಮಾಲ್ ಇರುತ್ತದೆ. ಇವೆರಡರ ಮೇಲೆ ನೀವು ಐವಿ ಪ್ಯಾರಸಿಟಮಾಲ್ ಬರೆದರೆ ಒಂದೇ ಔಷಧ ಮೂರು ದಾರಿಯಲ್ಲಿ ಹೋಗುತ್ತದೆ.

ಅಲರ್ಜಿ ಇದೆ ಅಂದರೆ ಯಾವ ಔಷಧಕ್ಕೆ, ಎಷ್ಟು ಹೊತ್ತಿನಲ್ಲಿ, ಏನಾಯಿತು ಅಂತ ಕೇಳಿ. ಅಮಾಕ್ಸಿಸಿಲಿನ್ ನುಂಗಿ ಹೊಟ್ಟೆ ಕೆಟ್ಟಿದ್ದು ಅಲರ್ಜಿ ಅಲ್ಲ. ಗಂಟೆಯೊಳಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದ್ದು ನಿಜವಾದ ಅಪಾಯ. ಸುಮ್ನೆ "ಪೆನ್ಸಿಲಿನ್ ಅಲರ್ಜಿ" ಅಂತ ಕೆಂಪು ಸ್ಟಿಕರ್ ಅಂಟಿಸಿದರೆ ಮುಂದೆ ಒಳ್ಳೆಯ ಆಂಟಿಬಯೋಟಿಕ್ ತಪ್ಪಿಹೋಗಬಹುದು.

ತೂಕ ತೂಗಿ, ಕಿಡ್ನಿ ಲೆಕ್ಕ ಹಾಕಿ

ಕ್ರಿಯಾಟಿನಿನ್ ಒಂದನ್ನೇ ನೋಡಿ ಕಿಡ್ನಿ ಪರವಾಗಿಲ್ಲ ಅನ್ನಬಾರದು. 70 ವರ್ಷದ, 50 ಕೆಜಿ ತೂಕದ ಹೆಂಗಸು. ಕ್ರಿಯಾಟಿನಿನ್ 1.4. ನೋಡಲು ಸ್ವಲ್ಪವೇ ಜಾಸ್ತಿ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ಹಾಕೋಣ. ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಶುದ್ಧ ಮಾಡುತ್ತದೆ, ಅಂದರೆ ಕ್ಲಿಯರೆನ್ಸ್ ಎಷ್ಟು, ಅಂತ ಅಂದಾಜು ಹೇಳುವುದು ಅದು. 140ರಿಂದ ವಯಸ್ಸು ಕಳೆದರೆ 70. ಅದನ್ನು ತೂಕ 50ರಿಂದ ಗುಣಿಸಿದರೆ 3500. 72ನ್ನು 1.4ರಿಂದ ಗುಣಿಸಿದರೆ 100.8. ಭಾಗಿಸಿದರೆ ಸುಮಾರು 34.7. ಹೆಂಗಸಾದ್ದರಿಂದ 0.85ರಿಂದ ಗುಣಿಸಬೇಕು. ಉತ್ತರ ನಿಮಿಷಕ್ಕೆ 29.5 ಎಂಎಲ್.

ಇವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಹೆಪ್ಪು ತಡೆಯುವ ಎನಾಕ್ಸಪರಿನ್ ಬೇಕಾಗಿದೆ ಅಂದುಕೊಳ್ಳಿ. ಸಾಮಾನ್ಯ ಡೋಸ್ ಕೆಜಿಗೆ 1 ಎಂಜಿ, 12 ಗಂಟೆಗೊಮ್ಮೆ. ಕ್ಲಿಯರೆನ್ಸ್ 30ಕ್ಕಿಂತ ಕೆಳಗಿದ್ದರೆ ಅದೇ ಡೋಸ್ ದಿನಕ್ಕೆ ಒಂದೇ ಸಲ. ಲೆಕ್ಕ ಹಾಕದೆ ಬರೆದರೆ ಈ ಅಜ್ಜಿಗೆ ದಿನಕ್ಕೆ ಎರಡು ಪಟ್ಟು ಹೋಗುತ್ತದೆ, ರಕ್ತಸ್ರಾವದ ದಾರಿ ತೆರೆಯುತ್ತದೆ. 29.5 ಗೆರೆಯ ಅಂಚಿನಲ್ಲೇ ಇರುವುದರಿಂದ ಇಂಥ ಕಡೆ ಡಾಕ್ಟರು, ಕ್ಲಿನಿಕಲ್ ಫಾರ್ಮಸಿಸ್ಟ್ ಇಬ್ಬರನ್ನೂ ಕೇಳಿ.

ಈ ಸೂತ್ರ ನಂಬಬಹುದಾದದ್ದು ಕ್ರಿಯಾಟಿನಿನ್ ಒಂದೇ ಮಟ್ಟದಲ್ಲಿ ನಿಂತಿರುವಾಗ ಮಾತ್ರ. ನಿನ್ನೆ 0.9, ಇವತ್ತು 1.8 ಅಂದರೆ ನಿಜವಾದ ಕೆಲಸ ಸೂತ್ರ ಹೇಳುವುದಕ್ಕಿಂತ ಎಷ್ಟೋ ಕೆಳಗಿದೆ. ಆಗ ಗಂಟೆಗಂಟೆಯ ಮೂತ್ರದ ಪ್ರಮಾಣವೇ ಹೆಚ್ಚು ನಿಜ ಹೇಳುತ್ತದೆ. ಮತ್ತೆ, ತೂಕವನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. 40 ಕೆಜಿ ಇರುವವರಿಗೆ 1 ಗ್ರಾಂ ಐವಿ ಪ್ಯಾರಸಿಟಮಾಲ್ ಕೊಟ್ಟರೆ ಕೆಜಿಗೆ 25 ಎಂಜಿ ಆಯಿತು. 50 ಕೆಜಿಗಿಂತ ಕಡಿಮೆ ಇದ್ದವರಿಗೆ ಕೆಜಿಗೆ 15 ಎಂಜಿ, ಅಂದರೆ ಇವರಿಗೆ 600 ಎಂಜಿ ಸಾಕು.

ಮೊದಲ ಡೋಸ್ ಬೇರೆ, ಮುಂದಿನ ಡೋಸ್ ಬೇರೆ

ಫಾರ್ಮಕೋಕೈನೆಟಿಕ್ಸ್‌ನಲ್ಲಿ (ಔಷಧ ಮೈಯಲ್ಲಿ ಹೇಗೆ ಹರಡಿ ಹೊರಹೋಗುತ್ತದೆ ಅನ್ನುವ ವಿಷಯದಲ್ಲಿ) ಒಂದೇ ವಿಷಯ ಕಲಿಯಲು ಹೊತ್ತಿದ್ದರೆ ಇದನ್ನು ಕಲಿಯಿರಿ. ಮನೆಯ ಸಂಪ್ ಖಾಲಿ ಇದ್ದಾಗ ಎಷ್ಟು ಟ್ಯಾಂಕರ್ ನೀರು ಬೇಕು ಅನ್ನುವುದು ಸಂಪಿನ ಅಳತೆಗೆ ಸೇರಿದ್ದು. ದಿನಾ ಎಷ್ಟು ಸೇರಿಸಬೇಕು ಅನ್ನುವುದು ಎಷ್ಟು ಖರ್ಚಾಗುತ್ತದೆ ಅನ್ನುವುದಕ್ಕೆ ಸೇರಿದ್ದು. ಲೋಡಿಂಗ್ ಡೋಸ್, ಅಂದರೆ ಮೊದಲ ದೊಡ್ಡ ಡೋಸ್, ನಿಂತಿರುವುದು ಔಷಧ ಮೈಯಲ್ಲಿ ಎಷ್ಟು ಹರಡುತ್ತದೆ ಅನ್ನುವುದರ ಮೇಲೆ. ಮುಂದಿನ ಡೋಸ್ ನಿಂತಿರುವುದು ಕಿಡ್ನಿ, ಲಿವರ್ ಎಷ್ಟು ಬೇಗ ಹೊರಹಾಕುತ್ತವೆ ಅನ್ನುವುದರ ಮೇಲೆ.

ಸೆಪ್ಸಿಸ್ (ಸೋಂಕಿನಿಂದ ಅಂಗಗಳೇ ಕೆಡುವ ಸ್ಥಿತಿ) ಆಗಿ ಬಂದ 60 ಕೆಜಿಯ ರೋಗಿಗೆ ಕಿಡ್ನಿ ಕೆಟ್ಟಿದೆ ಅಂತ ಆಂಟಿಬಯೋಟಿಕ್ ವ್ಯಾಂಕೊಮೈಸಿನ್‌ನ ಮೊದಲ ಡೋಸನ್ನೇ ಅರ್ಧ ಮಾಡುವುದು ಸರಿಯಲ್ಲ. ಕೆಜಿಗೆ 25 ಎಂಜಿಯಂತೆ ಲೋಡಿಂಗ್ 1500 ಎಂಜಿ. ಕಿಡ್ನಿಗೆ ತಕ್ಕಂತೆ ಬದಲಾಗಬೇಕಾದ್ದು ಆಮೇಲಿನ ಡೋಸ್ ಮತ್ತು ಅಂತರ. ಇಲ್ಲೇ ಕೊಡುವವರ ಕಣ್ಣು ಬೇಕು. ವ್ಯಾಂಕೊಮೈಸಿನ್ ನಿಮಿಷಕ್ಕೆ 10 ಎಂಜಿಗಿಂತ ಬೇಗ ಹೋಗಬಾರದು. ಬೇಗ ಹೋದರೆ ಮುಖ, ಕತ್ತು ಕೆಂಪಾಗಿ ಬಿಪಿ ಬೀಳುತ್ತದೆ. 1500 ಎಂಜಿಗೆ 150 ನಿಮಿಷ, ಅಂದರೆ ಎರಡೂವರೆ ಗಂಟೆ. ಅಷ್ಟು ಹೊತ್ತು ಆ ಲೈನ್ ಸಿಗುವುದಿಲ್ಲ. ಹಾಗಾದರೆ ಮೊದಲು ಹೋಗಬೇಕಾದ ಮೆರೊಪೆನಮ್ ಯಾವ ಲೈನಿನಲ್ಲಿ? ಇದನ್ನು ಬರೆಯುವವರೇ ಯೋಚಿಸಬೇಕು.

ಡೋಸ್ ಬದಲಿಸಿದ ಮೇಲೆ ಹೊಸ ಮಟ್ಟ ನೆಲೆಯಾಗಲು ನಾಲ್ಕೈದು ಹಾಫ್-ಲೈಫ್ (ಮೈಯಲ್ಲಿನ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು) ಬೇಕು. ಅದಕ್ಕೂ ಮೊದಲೇ ಕೆಲಸ ಮಾಡಿಲ್ಲ ಅಂತ ಮತ್ತೆ ಏರಿಸಿದರೆ ಔಷಧ ಮೈಯಲ್ಲಿ ಜಮೆಯಾಗುತ್ತದೆ.

ಫಿಟ್ಸ್ ಔಷಧ ಫೆನಿಟಾಯಿನ್ ಮಾತ್ರ ಈ ಲೆಕ್ಕಕ್ಕೂ ಬಗ್ಗುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಲಿವರ್‌ನ ಕೆಲಸ ತುಂಬಿಹೋಗುತ್ತದೆ. ಆಗ ಡೋಸ್ ಚೂರು ಏರಿಸಿದರೂ ರಕ್ತದ ಮಟ್ಟ ಹಾರಿಹೋಗುತ್ತದೆ. ಔಷಧ ಅಂಟಿಕೊಳ್ಳುವ ರಕ್ತದ ಪ್ರೋಟೀನ್ ಅಲ್ಬುಮಿನ್ ಕಡಿಮೆ ಇದ್ದವರಲ್ಲಿ ರಿಪೋರ್ಟಿನ ಒಟ್ಟು ಮಟ್ಟ ಕಡಿಮೆ ಕಂಡರೂ ಕೆಲಸ ಮಾಡುವ ಬಿಡಿ ಔಷಧ ಸಾಕಷ್ಟು ಇರಬಹುದು. ಇದನ್ನು ನಾರ್ಮಲ್ ಸಲೈನ್‌ನಲ್ಲೇ ಬೆರೆಸಬೇಕು, ಡೆಕ್ಸ್‌ಟ್ರೋಸ್‌ನಲ್ಲಿ ಹರಳುಗಟ್ಟುತ್ತದೆ. ವೇಗ ನಿಮಿಷಕ್ಕೆ 50 ಎಂಜಿ ದಾಟಬಾರದು, ವಯಸ್ಸಾದವರಲ್ಲಿ ಇನ್ನೂ ನಿಧಾನ. ಇಸಿಜಿ ಮಾನಿಟರ್ ಇರಲೇಬೇಕು.

ಪಂಪ್, ಸಿರಿಂಜ್, ಸೀಸೆ: ಲೆಕ್ಕ ಇಲ್ಲಿಗೆ ಬಂದು ನಿಲ್ಲಬೇಕು

ಬಿಪಿ ಏರಿಸುವ ನಾರ್ ಅಡ್ರಿನಲಿನ್ 0.1 ಮೈಕ್ರೋಗ್ರಾಂ ಅಂತ ಮಾತ್ರ ಬರೆದರೆ ಪಂಪ್‌ಗೆ ಅರ್ಥವಾಗದು. 60 ಕೆಜಿಗೆ ಕೆಜಿ-ನಿಮಿಷಕ್ಕೆ 0.1 ಅಂದರೆ ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೋಗ್ರಾಂ. 4 ಎಂಜಿಯನ್ನು 50 ಎಂಎಲ್ ಮಾಡಿದರೆ 1 ಎಂಎಲ್‌ನಲ್ಲಿ 80 ಮೈಕ್ರೋಗ್ರಾಂ. ಭಾಗಿಸಿದರೆ ಗಂಟೆಗೆ 4.5 ಎಂಎಲ್. ಆರ್ಡರ್‌ನಲ್ಲಿ ಡೋಸ್, ಬೆರೆಸುವ ಪ್ರಮಾಣ, ಗಂಟೆಗೆ ಎಷ್ಟು ಎಂಎಲ್, ತಲುಪಬೇಕಾದ ಎಂಎಪಿ (ಸರಾಸರಿ ರಕ್ತದೊತ್ತಡ), ದಾಟಬಾರದ ಡೋಸ್ ಇಷ್ಟೂ ಇರಲಿ. ಆಂಪೂಲ್‌ನ ಮೇಲೆ ಬರೆದ ಎಂಜಿ ಲವಣದ್ದೋ ಬೇಸಿನದ್ದೋ ಅಂತಲೂ ನೋಡಿ. 2 ಎಂಜಿ ಬೈಟಾರ್ಟ್ರೇಟ್‌ನಲ್ಲಿ ಇರುವುದು 1 ಎಂಜಿ ಬೇಸ್. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೋಗಿ ಬಂದಾಗ ಈ ವ್ಯತ್ಯಾಸ ದುಪ್ಪಟ್ಟು ಡೋಸ್ ಆಗಬಲ್ಲದು.

ಇನ್ಸುಲಿನ್ ನಮ್ಮ ದೇಶದ್ದೇ ಒಂದು ಅಪಾಯ. ಇಲ್ಲಿ ಎಂಎಲ್‌ಗೆ 40 ಯೂನಿಟ್‌ನ ಸೀಸೆಯೂ ಸಿಗುತ್ತದೆ, 100 ಯೂನಿಟ್‌ನದೂ ಸಿಗುತ್ತದೆ. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಸೀಸೆಯಿಂದ 40ರ ಸಿರಿಂಜ್‌ನಲ್ಲಿ 10ರ ಗೆರೆಯವರೆಗೆ ಎಳೆದರೆ ಹೋಗುವುದು 25 ಯೂನಿಟ್. ತಿರುಗಾಮುರುಗಾ ಆದರೆ ಹೋಗುವುದು 4 ಯೂನಿಟ್ ಮಾತ್ರ. ಆದ್ದರಿಂದ ಇನ್ಸುಲಿನ್ ಬರೆಯುವಾಗ ಯಾವ ಸೀಸೆ, ಯಾವ ಸಿರಿಂಜ್ ಎರಡನ್ನೂ ಬರೆಯಿರಿ. "ಯೂನಿಟ್" ಅಂತ ಪೂರ್ತಿ ಬರೆಯಿರಿ. ಇಂಗ್ಲಿಷಿನ ಒಂದೇ ಅಕ್ಷರ ಹಾಕಿದರೆ ಅದು ಸೊನ್ನೆಯಾಗಿ ಕಂಡು 10 ನೂರಾಗಬಹುದು.

ಹೆಪರಿನ್‌ದೂ ಇದೇ ಕಥೆ. 5 ಎಂಎಲ್‌ನ ಎರಡು ಸೀಸೆ. ಒಂದರಲ್ಲಿ ಎಂಎಲ್‌ಗೆ 1000 ಯೂನಿಟ್, ಇನ್ನೊಂದರಲ್ಲಿ 5000. ನೋಡಲು ಒಂದೇ ಥರ. ಎರಡನ್ನೂ ಒಂದೇ ಟ್ರೇನಲ್ಲಿ ಇಡಲು ಬಿಡಬೇಡಿ.

ಮಕ್ಕಳ ಪ್ಯಾರಸಿಟಮಾಲ್ ಸಣ್ಣ ವಿಷಯ ಅನಿಸುತ್ತದೆ, ಆದರೆ ಸಣ್ಣದಲ್ಲ. 10 ಕೆಜಿಯ ಮಗುವಿಗೆ 150 ಎಂಜಿ ಬೇಕು. ಎಂಎಲ್‌ಗೆ 100 ಎಂಜಿ ಇರುವ ಡ್ರಾಪ್ಸ್ ಆದರೆ 1.5 ಎಂಎಲ್. 5 ಎಂಎಲ್‌ಗೆ 125 ಎಂಜಿ ಇರುವ ಸಿರಪ್ ಆದರೆ 6 ಎಂಎಲ್. 250 ಎಂಜಿಯದಾದರೆ 3 ಎಂಎಲ್. ನೀವು "6 ಎಂಎಲ್" ಅಂತ ಮಾತ್ರ ಬರೆದು, ಮನೆಯಲ್ಲಿ ಡ್ರಾಪ್ಸ್ ಇದ್ದರೆ ಆ ಮಗುವಿಗೆ 600 ಎಂಜಿ ಹೋಗುತ್ತದೆ.

ಒಂದಕ್ಕೊಂದು ಆಗದ ಔಷಧಗಳು

ಪೂರ್ತಿ ಪಟ್ಟಿ ಬಾಯಿಪಾಠ ಮಾಡಲು ಹೋಗಬೇಡಿ, ಆಗುವುದೂ ಇಲ್ಲ. ನಿಮ್ಮ ಘಟಕದಲ್ಲಿ ದಿನಾ ಕಾಣುವ ಜೋಡಿಗಳನ್ನು ಕಾರಣದ ಸಮೇತ ಕಲಿಯಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೆಟ್ರೋನಿಡಜೋಲ್, ಫ್ಲುಕೊನಜೋಲ್, ಕೋಟ್ರೈಮಾಕ್ಸಜೋಲ್ ಕೊಟ್ಟರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ) ಏರುತ್ತದೆ. ಟಿಬಿಯ ರಿಫಾಂಪಿಸಿನ್ ಇದರ ಉಲ್ಟಾ. ಅದು ಲಿವರ್‌ನ ಎನ್‌ಜೈಮ್‌ಗಳನ್ನು ಎಬ್ಬಿಸಿ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಸ್ಟಿರಾಯ್ಡ್ ಎಲ್ಲವನ್ನೂ ಬೇಗ ಕರಗಿಸಿಬಿಡುತ್ತದೆ. ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಆ ಪರಿಣಾಮ ಉಳಿಯುತ್ತದೆ. ವಾಲ್‌ಪ್ರೊಯೇಟ್‌ನಿಂದ ಫಿಟ್ಸ್ ಹತೋಟಿಯಲ್ಲಿದ್ದವರಿಗೆ ಮೆರೊಪೆನಮ್ ಶುರು ಮಾಡಿದರೆ ವಾಲ್‌ಪ್ರೊಯೇಟ್ ಮಟ್ಟ ಬೇಗನೆ ಕುಸಿಯುತ್ತದೆ. ಡೋಸ್ ಏರಿಸಿ ಸರಿದೂಗಿಸಲು ಆಗದು. ಬೇರೆ ಆಂಟಿಬಯೋಟಿಕ್ ಅಥವಾ ಬೇರೆ ಫಿಟ್ಸ್ ಔಷಧದ ಬಗ್ಗೆ ಡಾಕ್ಟರ ಜೊತೆ ಮಾತಾಡಬೇಕು. ಲಿನೆಜೊಲಿಡ್ ಮತ್ತು ಟ್ರಮಡಾಲ್ ಸೇರಿದರೆ ಸಿರೊಟೋನಿನ್ ಜಾಸ್ತಿಯಾಗಿ ಜ್ವರ, ನಡುಕ, ಗೊಂದಲ ಬರಬಹುದು. ಅದು ಸೆಪ್ಸಿಸ್ ಥರವೇ ಕಾಣುತ್ತದೆ.

ಒಂಡಾನ್ಸೆಟ್ರಾನ್, ಅಜಿತ್ರೊಮೈಸಿನ್, ಹ್ಯಾಲೊಪೆರಿಡಾಲ್ ಮೂರೂ ಕ್ಯೂಟಿಯನ್ನು (ಇಸಿಜಿಯಲ್ಲಿ ಅಳೆಯುವ ಒಂದು ಅಂತರ, ಉದ್ದವಾದರೆ ಹೃದಯದ ಬಡಿತ ತಪ್ಪಬಹುದು) ಉದ್ದ ಮಾಡುತ್ತವೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆ ಇದ್ದವರಲ್ಲಿ ಇವನ್ನು ಪೇರಿಸಬೇಡಿ. ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಒಂದೇ ಲೈನಿನಲ್ಲಿ ಒಟ್ಟಿಗೆ ಹೋಗಬಾರದು. ನವಜಾತ ಶಿಶುಗಳಲ್ಲಿ ಈ ಜೋಡಿಯೇ ನಿಷಿದ್ಧ.

ಈಗ ಬರೆಯಿರಿ

ರಕ್ತದ ಪೊಟ್ಯಾಸಿಯಂ 3.0 ಬಂದಿದೆ, ಅಂದರೆ ಕಡಿಮೆ. "ಕೆಸಿಎಲ್ ಒಂದು ಆಂಪೂಲ್" ಅಂತ ಬರೆಯುವುದು ಅಪಾಯ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 15 ಪರ್ಸೆಂಟ್‌ನ 10 ಎಂಎಲ್ ಆಂಪೂಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ. ನೇರವಾಗಿ ತಳ್ಳಿದರೆ ಹೃದಯ ನಿಲ್ಲುತ್ತದೆ. ಆರ್ಡರ್ ಹೀಗಿರಲಿ:

"ಪೊಟ್ಯಾಸಿಯಂ ಕ್ಲೋರೈಡ್ 20 ಮಿಲಿ ಈಕ್ವಿವಲೆಂಟ್, ನಾರ್ಮಲ್ ಸಲೈನ್ 500 ಎಂಎಲ್‌ನಲ್ಲಿ ಬೆರೆಸಿ, ಇನ್‌ಫ್ಯೂಷನ್ ಪಂಪ್ ಮೂಲಕ, ಕೈಯ ಲೈನಿನಲ್ಲಿ, 2 ಗಂಟೆಯಲ್ಲಿ. ಕಾರಣ: ಪೊಟ್ಯಾಸಿಯಂ 3.0. ಇಸಿಜಿ ಮಾನಿಟರ್ ಇರಲಿ. ಮೂತ್ರ ಗಂಟೆಗೆ 30 ಎಂಎಲ್‌ಗಿಂತ ಕಡಿಮೆಯಾದರೆ ನಿಲ್ಲಿಸಿ ತಿಳಿಸಿ. ಮುಗಿದ ಮೇಲೆ ಪೊಟ್ಯಾಸಿಯಂ ಮತ್ತೆ ನೋಡಿ."

ಕೈಯ ಲೈನಿನಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ದಾಟಬಾರದು. ಈ ಆರ್ಡರ್ ಅಷ್ಟಕ್ಕೇ ನಿಲ್ಲುತ್ತದೆ. ಹಾರ್ಟ್ ಫೇಲ್ಯೂರ್ ಇರುವವರಿಗೆ ಎರಡು ಗಂಟೆಯಲ್ಲಿ 500 ಎಂಎಲ್ ಜಾಸ್ತಿ. ಅವರಿಗೆ ಬಾಯಿಯ ಮೂಲಕ ಅಥವಾ ಸೆಂಟ್ರಲ್ ಲೈನಿನಲ್ಲಿ ಬೇರೆ ಯೋಜನೆ ಬೇಕು. ಮೆಗ್ನೀಸಿಯಂ ಕಡಿಮೆ ಇದ್ದರೆ ಎಷ್ಟು ಪೊಟ್ಯಾಸಿಯಂ ಸುರಿದರೂ ನಿಲ್ಲುವುದಿಲ್ಲ, ಅದನ್ನೂ ನೋಡಿ.

ಔಷಧದ ಜೆನೆರಿಕ್ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಿರಿ. 0.5 ಅನ್ನುವಾಗ ಮೊದಲ ಸೊನ್ನೆ ಇರಲಿ. 1 ಅನ್ನುವಾಗ 1.0 ಬೇಡ, ಚುಕ್ಕೆ ಮಾಸಿದರೆ 10 ಆಗುತ್ತದೆ. ಮೈಕ್ರೋಗ್ರಾಂ ಅನ್ನು ಸಂಕ್ಷೇಪಿಸಬೇಡಿ. "ಬೇಕಾದಾಗ ಕೊಡಿ" ಅನ್ನುವ ಆರ್ಡರ್‌ಗೆ ಯಾವ ಲಕ್ಷಣಕ್ಕೆ, ಎಷ್ಟು ಗಂಟೆಯ ಅಂತರದಲ್ಲಿ, 24 ಗಂಟೆಗೆ ಎಷ್ಟು ಮೀರದಂತೆ ಅನ್ನುವುದು ಸೇರಿರಬೇಕು. ಫೋನಿನಲ್ಲಿ ಡಾಕ್ಟರು ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಿ, ಸರಿ ಅನಿಸಿಕೊಂಡ ಮೇಲೇ ಮುಂದುವರಿಯಿರಿ. ಡ್ಯೂಟಿಯಲ್ಲಿರುವ ಸಿಸ್ಟರ್ "ಈ ಡೋಸ್ ಸರಿಯಾ?" ಅಂತ ಕೇಳಿದರೆ ಲೆಕ್ಕವನ್ನು ಅವರ ಎದುರೇ ಮತ್ತೊಮ್ಮೆ ಮಾಡಿ. ಪ್ರಶ್ನೆ ಕೇಳಿದವರ ಮೇಲೆ ರೇಗಿದರೆ ಮುಂದಿನ ಸಲ ಅವರು ಕೇಳುವುದಿಲ್ಲ.

ಕೊಟ್ಟ ಮೇಲೆ

ಆಂಟಿಬಯೋಟಿಕ್ ಶುರು ಮಾಡಿದ ದಿನವೇ ಮತ್ತೆ ನೋಡುವ ದಿನವನ್ನೂ ಬರೆಯಿರಿ. 48ರಿಂದ 72 ಗಂಟೆಯಲ್ಲಿ ಕಲ್ಚರ್ (ಯಾವ ರೋಗಾಣು ಅಂತ ಹೇಳುವ ಪರೀಕ್ಷೆ) ನೋಡಿ ಆ ರೋಗಾಣುವಿಗಷ್ಟೇ ಬೇಕಾದ ಔಷಧಕ್ಕೆ ಕಿರಿದು ಮಾಡಬಹುದಾ, ನಿಲ್ಲಿಸಬಹುದಾ ಅಂತ ರೌಂಡ್ಸ್‌ನಲ್ಲಿ ನೀವೇ ಎತ್ತಿ. ಐಸಿಯುವಿನಲ್ಲಿ ಹೊಟ್ಟೆಯ ರಕ್ಷಣೆಗೆ ಶುರುವಾದ ಪ್ಯಾಂಟೊಪ್ರಜೋಲ್ ಕಾರಣವಿಲ್ಲದೆ ಮನೆಗೂ ಹೋಗುತ್ತದೆ. ಅದನ್ನು ತಡೆಯಲು ಒಬ್ಬರು ಕೇಳಿದರೆ ಸಾಕು.

ಮೊದಲ ಡೋಸ್ ಹೋಗುವಾಗ ಅನಾಫಿಲಾಕ್ಸಿಸ್ (ಪ್ರಾಣಾಪಾಯದ ಅಲರ್ಜಿ) ಆದರೆ ವಯಸ್ಕರಿಗೆ ಅಡ್ರಿನಲಿನ್ 0.5 ಎಂಜಿ, ಅಂದರೆ ಎಂಎಲ್‌ಗೆ 1 ಎಂಜಿ ಇರುವ ಆಂಪೂಲ್‌ನಿಂದ ಅರ್ಧ ಎಂಎಲ್, ತೊಡೆಯ ಹೊರಬದಿಯ ಸ್ನಾಯುವಿಗೆ. ಅಲರ್ಜಿಗೆ ಕೊಡುವ ಅವಿಲ್, ಹೈಡ್ರೊಕಾರ್ಟಿಸೋನ್ ಹುಡುಕುತ್ತ ಇದನ್ನು ತಡ ಮಾಡಬೇಡಿ. ಅವು ಜೀವ ಉಳಿಸುವ ಮೊದಲ ಔಷಧಗಳಲ್ಲ.

ಯಾವುದೇ ಅಡ್ಡಪರಿಣಾಮವನ್ನು ಭಾರತದ ಫಾರ್ಮಕೋವಿಜಿಲೆನ್ಸ್ (ಔಷಧ ಸುರಕ್ಷತೆಯ ನಿಗಾ) ಕಾರ್ಯಕ್ರಮಕ್ಕೆ ನರ್ಸ್‌ಗಳೂ ತಿಳಿಸಬಹುದು. ಸಹಾಯವಾಣಿ 1800-180-3024. ಔಷಧದಿಂದಲೇ ಆಯಿತು ಅಂತ ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು.

ಮನೆಗೆ ಕಳಿಸುವಾಗ

ಬೆಂಗಳೂರಿನ ಒಂದೇ ವಾರ್ಡಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಮಾತಾಡುವವರು ಇರುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಮಾತ್ರ ಇಂಗ್ಲಿಷಿನಲ್ಲಿ. ಪಟ್ಟಿಯನ್ನು ಕೈಗಿಟ್ಟು ಮುಗಿಸಬೇಡಿ. "ಮನೆಗೆ ಹೋಗಿ ಹೇಗೆ ತಗೋತೀರಿ, ಒಮ್ಮೆ ಹೇಳಿ ನೋಡೋಣ ಅಮ್ಮ" ಅನ್ನಿ. ಅವರ ಬಾಯಲ್ಲಿ ಸರಿಯಾಗಿ ಬಂದರೆ ಆಯಿತು. ಓದು ಬಾರದವರಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದು ಕೊಡಿ. ಯಾವ ಹಳೆಯ ಮಾತ್ರೆ ನಿಂತಿದೆ ಅಂತ ಬೇರೆಯಾಗಿ ಹೇಳಿ. ಇಲ್ಲದಿದ್ದರೆ ಹಳೆಯದೂ ಹೊಸದೂ ಎರಡೂ ಹೊಟ್ಟೆಗೆ ಹೋಗುತ್ತವೆ. ಜನೌಷಧಿ ಕೇಂದ್ರದಲ್ಲಿ ಹೆಸರು ಬೇರೆ ಕಂಡರೆ ಗಾಬರಿಯಾಗದಂತೆ, ಒಳಗಿನ ಔಷಧ ಅದೇ ಅಂತ ಮೊದಲೇ ತಿಳಿಸಿ.

ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿದ್ದರೆ ಐದು ನಿಮಿಷ ಜಾಸ್ತಿ ಕೂರಿ. ಅದು ವಾರಕ್ಕೆ ಒಂದೇ ಸಲ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಕ್ಕೇ ಅಪಾಯ. "ವಾರಕ್ಕೊಮ್ಮೆ" ಅಂತ ಮಾತ್ರ ಬರೆಯದೆ ವಾರದ ಹೆಸರನ್ನೇ ಬರೆಯಿರಿ: "ಭಾನುವಾರ ಮಾತ್ರ". ಮೆಡಿಕಲ್ ಶಾಪಿಗೆ ಹೋಗುವ ಚೀಟಿಯಲ್ಲೂ, ಮನೆಯವರ ಕೈಯ ಪಟ್ಟಿಯಲ್ಲೂ, ಸ್ಟ್ರಿಪ್ ಇರುವ ಕವರಿನ ಮೇಲೂ ಅದೇ ಮಾತು ಇರಲಿ. ಬಾಯಿ ಹುಣ್ಣು ಅಥವಾ ಜ್ವರ ಬಂದರೆ ಮುಂದಿನ ಮಾತ್ರೆ ನುಂಗುವ ಮೊದಲು ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನು ಅದರ ಕೆಳಗೇ ಬರೆಯಿರಿ.